ಬಲ್ಸಾಳೋ ರ‍್ಯೂಕೋಳೋ: ಮೊದಲು ಯಾರನ್ನು ನೋಡಬೇಕು?

ಹೆಣ್ಣೇ ನಾಯಕಿಯಾಗಿರುವ ಸಾಹಸ ಅನಿಮೆ (ಜಪಾನಿನ ಅನಿಮೇಷನ್ ಸರಣಿ) ಹುಡುಕುತ್ತಿರುವವರಿಗೆ ನಾನು ಎರಡು ಹೆಸರು ಹೇಳುತ್ತೇನೆ: ಪ್ರೊಡಕ್ಷನ್ ಐ.ಜಿ. ಸ್ಟುಡಿಯೊದ ‘ಮೊರಿಬಿತೊ’ (2007, 26 ಕಂತು) ಮತ್ತು ಟ್ರಿಗರ್ ಸ್ಟುಡಿಯೊದ ‘ಕಿಲ್ ಲಾ ಕಿಲ್’ (2013, 24 ಕಂತು).

ಮೊರಿಬಿತೊದ ಬಲ್ಸಾಳಿಗೆ ವಯಸ್ಸು 30. ಹಣ ಪಡೆದು ಜೀವ ಕಾಯುವುದು ಅವಳ ಕಸುಬು. ಗಟ್ಟಿ ಭುಜ, ಹಿಂದಕ್ಕೆ ಕಟ್ಟಿದ ಕೂದಲು, ದಾರಿ ಸವೆಸಿ ಮಾಸಿದಂತಹ ಬಟ್ಟೆ. ಮೂರನೇ ಕಂತಿನಲ್ಲಿ ಗದ್ದೆಗಳ ನಡುವೆ ‘ಬೇಟೆಗಾರರು’ ಎಂಬ ಅರಸನ ಗುಪ್ತ ಯೋಧರೊಂದಿಗೆ ನಡೆಯುವ ಕಾಳಗವನ್ನು ನೋಡಿ: ಈಟಿಯೊಡನೆ ಸೊಂಟವೂ ತಿರುಗುತ್ತದೆ, ಪಾದ ನೆಲಕ್ಕೆ ಊರಿಕೊಳ್ಳುತ್ತದೆ, ಮೈಗೆ ಭಾರವಿದೆ. ಆ ಉಡುಪು ಆ ಹೊಡೆದಾಟಕ್ಕೆಂದೇ ಹೊಲಿದಂತಿದೆ. ಪಾತ್ರವಿನ್ಯಾಸವೆಂದರೆ ಇದು ಎಂದು ನನಗೆ ಮನವರಿಕೆಯಾದದ್ದು ಅಲ್ಲೇ.

ರ‍್ಯೂಕೋ ಕಿಲ್ ಲಾ ಕಿಲ್‌ನ ನಾಯಕಿ; ಬೇರೆಯೇ ಲೋಕದವಳು. ದಪ್ಪ ಗೆರೆ, ಕಪ್ಪು ಕೂದಲಲ್ಲಿ ಒಂದೇ ಕೆಂಪು ಎಳೆ, ಕೈಯಲ್ಲಿ ದೈತ್ಯ ಕತ್ತರಿಯ ಒಂದು ಅಲಗು; ಎಷ್ಟು ದೂರದಿಂದಲೂ ಗುರುತು ಸಿಗುತ್ತದೆ. ಪಾತ್ರವಿನ್ಯಾಸಕ ಸುಶಿಯೊ ಅವರ ವಿನ್ಯಾಸದ ಈ ಕಸುವನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ರಕ್ತ ಕುಡಿದು ಶಕ್ತಿ ಕೊಡುವ ಅವಳ ಸಮವಸ್ತ್ರ ಮೈ ಮುಚ್ಚುವುದಕ್ಕಿಂತ ತೋರಿಸುವುದೇ ಹೆಚ್ಚು. ನಾಚಿಕೆ ತೊರೆದರೇ ಬಲ ಎಂದು ಕಥೆ ಸಮರ್ಥಿಸಿಕೊಳ್ಳುತ್ತದೆ. ಕ್ಯಾಮೆರಾ ಮಾತ್ರ ಆ ವಾದವನ್ನು ಮರೆತು ಶಾಲಾ ಹುಡುಗಿಯ ದೇಹದ ಮೇಲೆ ಸುಳಿದಾಡುತ್ತದೆ. ಅದನ್ನು ನಾನು ಒಪ್ಪಲಾರೆ.

ವೇಗ, ಬಣ್ಣ, ಅಬ್ಬರ ಬೇಕಿದ್ದರೆ ಕಿಲ್ ಲಾ ಕಿಲ್. ನಿಧಾನಗತಿಗೆ ತಾಳ್ಮೆಯಿದ್ದರೆ, ಮನೆಯವರೊಂದಿಗೆ ಕುಳಿತು ನೋಡುವುದಾದರೆ, ಮೊರಿಬಿತೊ. ನನ್ನ ತಂಗಿಗೆ ನಾನು ತೋರಿಸಿದ್ದು ಬಲ್ಸಾಳನ್ನೇ.