ಐಹೊಳೆ ಮ್ಯೂಸಿಯಂ: ಅಂಬಿಕೆ ಇಲ್ಲಿದ್ದಾಳೆ, ಬ್ರಹ್ಮ ಮುಂಬೈಯಲ್ಲಿ

ನಾನು ಇಳಕಲ್ಲಿನವನು, ಗ್ರಾನೈಟ್ ಪಾಲಿಶ್ ಕೆಲಸ ಮಾಡುತ್ತೇನೆ. ಎಲ್ಲಿಗೆ ಹೋದರೂ ಕಣ್ಣು ಮೊದಲು ಕಲ್ಲಿನ ಮೇಲೇ ಬೀಳುತ್ತದೆ. ಐಹೊಳೆಯ ದುರ್ಗ ಗುಡಿಯ ಹತ್ತಿರ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಬಹಳ ಜನ ಗುಡಿ ನೋಡಿ, ಫೋಟೊ ತೆಗೆದು, ಪಟ್ಟದಕಲ್ಲಿನ ಕಡೆ ಗಾಡಿ ತಿರುಗಿಸುತ್ತಾರೆ. ಹಾಗೆ ಮಾಡಬೇಡಿ.

ಒಳಗೆ ಹೋಗಿ ಜೈನರ ಯಕ್ಷಿ ಅಂಬಿಕೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೇಗುತಿ ಗುಡ್ಡದ ಬಸದಿಯಿಂದ ತಂದ ಮೂರ್ತಿ ಇದು. ಹಿಂದೆ ಮಾವಿನ ಮರ, ಕೆಳಗೆ ಸಿಂಹ, ಸುತ್ತ ಸಖಿಯರು. ಇಲ್ಲಿಯದು ಮರಳುಗಲ್ಲು, ನಮ್ಮ ಗ್ರಾನೈಟಿಗಿಂತ ಮೆತ್ತಗೆ. ಉಳಿ ಸಲೀಸಾಗಿ ಇಳಿಯುತ್ತದೆ, ಅಂಚೂ ಅಷ್ಟೇ ಸಲೀಸಾಗಿ ಉದುರುತ್ತದೆ. ಅಂಥ ಕಲ್ಲಿನಲ್ಲಿ ಆ ಮರವನ್ನು ಕೆತ್ತಿ ನಿಲ್ಲಿಸಿದ ಕೈಗೆ ನಮಸ್ಕಾರ. ಆಮೇಲೆ ಗುಡ್ಡ ಹತ್ತಿ. ಅವಳಿದ್ದ ಬಸದಿ ಅಲ್ಲೇ ಇದೆ. ಇಮ್ಮಡಿ ಪುಲಕೇಶಿಯ ಆಸ್ಥಾನ ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನ ಇವತ್ತಿಗೂ ಅದರ ಗೋಡೆಯಲ್ಲಿದೆ. ಮೂರ್ತಿ ಕೆಳಗೆ, ಅದರ ಮನೆ ಮೇಲೆ, ಒಂದೇ ದಿನ ಎರಡನ್ನೂ ನೋಡಬಹುದು. ಈ ಮ್ಯೂಸಿಯಂ ನನಗೆ ಇಷ್ಟವಾಗೋದು ಇದಕ್ಕೇ.

ಇದೇ ಊರಿನ ಹುಚ್ಚಪ್ಪಯ್ಯ ಗುಡಿಯ ಬ್ರಹ್ಮನಿಗೆ ಆ ಭಾಗ್ಯ ಇಲ್ಲ. ಅವನನ್ನು ಕೆತ್ತಿದ ಚಾವಣಿಯ ಫಲಕ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿದೆ. 1956ರವರೆಗೆ ನಮ್ಮ ಭಾಗ ಮುಂಬೈ ಆಡಳಿತಕ್ಕೆ ಸೇರಿತ್ತು. ರಾಜ್ಯ ಬದಲಾಯಿತು, ಕಲ್ಲು ಅಲ್ಲೇ ಉಳಿಯಿತು. ದುರ್ಗ ಗುಡಿಯ ಹಾರುವ ಗಂಧರ್ವ ಜೋಡಿ ದೆಹಲಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ.

ಕೆಲಸದ ಮೇಲೆ ಮುಂಬೈಗೆ ಹೋದಾಗ ಬ್ರಹ್ಮನನ್ನು ನೋಡಿದ್ದೇನೆ. ಚೆನ್ನಾಗಿ ಇಟ್ಟಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಸುತ್ತಲಿನ ಋಷಿಗಳೂ ಸ್ಪಷ್ಟವಾಗಿ ಕಾಣುತ್ತಾರೆ. ಆದರೆ ಅದು ಕತ್ತೆತ್ತಿ ನೋಡಲೆಂದು ಕೆತ್ತಿದ ಕಲ್ಲು. ಅಲ್ಲಿ ನಮ್ಮ ಎದುರಿಗೆ ನೆಟ್ಟಗೆ ನಿಂತಿದೆ. ನೋಡಿದವರು ಅದರ ಗುಡಿಗೆ ಹೋಗಬೇಕೆಂದರೆ ಒಂದು ರಾತ್ರಿಯ ಪ್ರಯಾಣ.

"ಅಲ್ಲಿ ಜಾಸ್ತಿ ಜನ ನೋಡುತ್ತಾರೆ, ಹಳ್ಳಿಯಲ್ಲಿ ಯಾರು ಕಾಯುತ್ತಾರೆ?" ಅಂತ ಕೇಳುವವರಿದ್ದಾರೆ. ಕಾಯುವವರು ಇಲ್ಲೇ ಇದ್ದಾರಲ್ಲ, ಅಂಬಿಕೆಯನ್ನು ನೋಡಿ. ಮತ್ತೆ ಚಾವಣಿಗೇ ಏರಿಸಿ ಅಂತ ನಾನು ಹೇಳುತ್ತಿಲ್ಲ. ಮಳೆ ನೀರು ತಾಗದಂತೆ ಈ ಮ್ಯೂಸಿಯಂನಲ್ಲಿ ಇಟ್ಟರೆ ಸಾಕು. ತಮಿಳುನಾಡಿನ ಶ್ರೀಪುರಂದಾನ್ ನಟರಾಜನನ್ನು ಆಸ್ಟ್ರೇಲಿಯಾ 2014ರಲ್ಲಿ ವಾಪಸ್ ಕೊಟ್ಟಿತು. ಅದು ಕಳವಾದದ್ದು, ಇದರ ಕತೆ ಬೇರೆ, ಒಪ್ಪುತ್ತೇನೆ. ಆದರೂ ಪರದೇಶದವರನ್ನು ಕೇಳುವ ನಾವು, ನಮ್ಮೊಳಗೇ ಒಂದು ಊರಿನದನ್ನು ಆ ಊರಿಗೆ ಕೊಡಬಹುದು ಅಲ್ವಾ? ಕಾಯಂ ಆಗಿ ಕೊಡಲು ಮನಸ್ಸಿಲ್ಲದಿದ್ದರೆ, ಮೊದಲು ಒಂದೆರಡು ವರ್ಷದ ಮಟ್ಟಿಗಾದರೂ ಕಳಿಸಲಿ. ಐಹೊಳೆಯ ಮಕ್ಕಳು ತಮ್ಮೂರಿನ ಬ್ರಹ್ಮನನ್ನು ತಮ್ಮೂರಲ್ಲೇ ನೋಡಲಿ.

ನನ್ನ ಕಡೆಯಿಂದ ಐದಕ್ಕೆ ಐದು. ಹೋಗುವವರು ನೆನಪಿಡಿ, ಶುಕ್ರವಾರ ಮ್ಯೂಸಿಯಂಗೆ ರಜೆ. ಮಕ್ಕಳಿದ್ದರೆ ಒಳಗಿರುವ ಐಹೊಳೆಯ ಮಾದರಿಯನ್ನು ಮೊದಲು ತೋರಿಸಿ, ಯಾವ ಗುಡಿ ಎಲ್ಲಿದೆ ಅಂತ ತಿಳಿಯುತ್ತದೆ. ಹುನಗುಂದದ ಕಡೆಯಿಂದ ಬಂದರೆ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳಿ.