ಭೂ ಬಳಕೆ ಬದಲಾವಣೆಗೆ ಆಕ್ಷೇಪಣೆ ಸಲ್ಲಿಸುವ ವ್ಯವಸ್ಥೆ: ಬಳಕೆದಾರನ ವಿಮರ್ಶೆ

ನಗರದ ಮಹಾಯೋಜನೆಯಲ್ಲಿ ವಸತಿಗೆಂದು ಗುರುತಿಸಿದ ಜಾಗವನ್ನು ವಾಣಿಜ್ಯಕ್ಕೆ ಬದಲಿಸುವ ಮುನ್ನ ಯೋಜನಾ ಪ್ರಾಧಿಕಾರವು ದಿನಪತ್ರಿಕೆಯಲ್ಲಿ ಪ್ರಕಟಣೆ ಹೊರಡಿಸಿ, ಸಾರ್ವಜನಿಕರಿಂದ ಆಕ್ಷೇಪಣೆ ಆಹ್ವಾನಿಸಬೇಕು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ, 1961ರ 14ಎ ಪ್ರಕರಣ ವಿಧಿಸಿರುವ ಷರತ್ತು ಇದು. ನಮ್ಮ ಬಡಾವಣೆಯ ಒಂದು ಸರ್ವೆ ನಂಬರಿನ ವಿಷಯದಲ್ಲಿ ನಾನು ಮತ್ತು ನೆರೆಹೊರೆಯವರು ಈ ಸೌಲಭ್ಯವನ್ನು ಬಳಸಿಕೊಂಡೆವು. ತೆರಿಗೆ ಕಟ್ಟುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಸೇವೆ ಇದಾದ್ದರಿಂದ, ಅದು ಎಲ್ಲಿ ನೆರವಾಗುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲ ತೊಡಕು ಪ್ರಕಟಣೆಯದೇ. ಪತ್ರಿಕೆಯ ಒಳಪುಟದಲ್ಲಿ ಟೆಂಡರುಗಳ ನಡುವೆ ಸಣ್ಣ ಅಕ್ಷರದಲ್ಲಿ ಬರುವ ಈ ಸೂಚನೆಯಲ್ಲಿ ಸರ್ವೆ ನಂಬರು, ಗ್ರಾಮ, ಹೋಬಳಿ, ವಿಸ್ತೀರ್ಣ ಇರುತ್ತವೆ. ಆದರೆ ಬಡಾವಣೆಯಲ್ಲಿ ವಾಸಿಸುವವರಿಗೆ ತಮ್ಮ ಬೀದಿಯ ಹೆಸರು ಗೊತ್ತೇ ಹೊರತು, ಅದರ ಹಳೆಯ ಸರ್ವೆ ನಂಬರು ಗೊತ್ತಿರುವುದಿಲ್ಲ. ಆ ಜಾಗದ ಮುಂದೆಯೇ ಒಂದು ಫಲಕ ಹಾಕಿದ್ದರೆ ಸುತ್ತಲಿನ ಎಲ್ಲರಿಗೂ ತಿಳಿಯುತ್ತಿತ್ತು. ಕಾಯ್ದೆ ನಿಗದಿಪಡಿಸಿರುವ ಕನಿಷ್ಠ ಅವಧಿ 15 ದಿನ. ಕಡತದಲ್ಲಿ ಏನಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿದರೆ ಉತ್ತರ ಕೊಡಲು ಕಚೇರಿಗೆ 30 ದಿನಗಳ ಕಾಲಾವಕಾಶವಿದೆ. ಹೀಗಾಗಿ ಪ್ರಾಧಿಕಾರವು ಕನಿಷ್ಠ ಅವಧಿಯನ್ನಷ್ಟೇ ಕೊಟ್ಟಾಗ, ಬದಲಾವಣೆಗೆ ಅರ್ಜಿದಾರರು ಕೊಟ್ಟ ಕಾರಣವೇನೆಂದು ತಿಳಿಯುವ ಮೊದಲೇ ಅದನ್ನು ಆಕ್ಷೇಪಿಸಬೇಕಾದ ಸ್ಥಿತಿ ಬರುತ್ತದೆ.

ಸಲ್ಲಿಕೆ ಮಾತ್ರ ಸುಲಭ. ಶುಲ್ಕವನ್ನಾಗಲಿ ವಕೀಲರನ್ನಾಗಲಿ ಯಾರೂ ಕೇಳಲಿಲ್ಲ. ಟಪಾಲು ಶಾಖೆಯಲ್ಲಿ ಪತ್ರ ಕೊಟ್ಟು ಸ್ವೀಕೃತಿ ಮೊಹರು ಪಡೆದೆವು. ಸಿಬ್ಬಂದಿ ಸೌಜನ್ಯದಿಂದಲೇ ನಡೆದುಕೊಂಡರು.

ಈ ಸೇವೆಯ ನಿಜವಾದ ಕೊರತೆ ಕಾಣುವುದು ಆ ಮೊಹರು ಬಿದ್ದ ನಂತರ. ರಸ್ತೆಯ ಅಗಲ, ಒಳಚರಂಡಿಯ ಸಾಮರ್ಥ್ಯ, ಪಕ್ಕದ ಶಾಲೆಗೆ ಬರುವ ಮಕ್ಕಳ ಸುರಕ್ಷತೆ ಎಂದು ನಾವು ಬಿಡಿಬಿಡಿಯಾಗಿ ಬರೆದ ಅಂಶಗಳಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಏಕೆ ತಳ್ಳಿಹಾಕಿದರು ಎಂಬ ಬಗ್ಗೆ ಒಂದು ಸಾಲಿನ ಉತ್ತರವೂ ಬರಲಿಲ್ಲ. 14ಎ ಪ್ರಕರಣವು ನಕ್ಷೆಯ ದೋಷಗಳ ಜೊತೆಗೆ ಆಯಾ ಕಾಲದ ಸನ್ನಿವೇಶಗಳನ್ನೂ ಬದಲಾವಣೆಗೆ ಕಾರಣವಾಗಿ ಒಪ್ಪುತ್ತದೆ; ಇಷ್ಟು ವಿಶಾಲವಾದ ಅಧಿಕಾರ ಇರುವಾಗ, ಬದಲಾವಣೆ ಸಾರ್ವಜನಿಕ ಹಿತಕ್ಕಾಗಿಯೇ ಇರಬೇಕು ಎಂಬ ಅದೇ ಪ್ರಕರಣದ ಷರತ್ತು ಪಾಲನೆಯಾಯಿತೇ ಎಂದು ಪರೀಕ್ಷಿಸಲು ಲಿಖಿತ ಕಾರಣ ಬೇಕೇ ಬೇಕು. ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಡಿ) ಪ್ರಕರಣವು, ಆಡಳಿತಾತ್ಮಕ ನಿರ್ಧಾರಗಳಿಗೆ ಕಾರಣಗಳನ್ನು ಬಾಧಿತರಿಗೆ ಒದಗಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯವೆಂದು ಹೇಳುತ್ತದೆ. ಆದ್ದರಿಂದ ನಾವು ಕೇಳುತ್ತಿರುವುದು ಹೊಸ ಹಕ್ಕೇನೂ ಅಲ್ಲ.

ಒಂದು ನಿವೇಶನದ ಬದಲು ಇಡೀ ನಗರದ ಯೋಜನೆ ಚರ್ಚೆಗೆ ಬಂದಾಗ ಜನರ ಉತ್ಸಾಹ ಎಷ್ಟಿರುತ್ತದೆ ಎಂಬುದನ್ನು ಬೆಂಗಳೂರು ತೋರಿಸಿದೆ. 2031ರ ಪರಿಷ್ಕೃತ ಮಹಾಯೋಜನೆಯ ಕರಡು 2017ರ ನವೆಂಬರಿನಲ್ಲಿ ಪ್ರಕಟವಾದಾಗ ಸುಮಾರು 13,000 ಆಕ್ಷೇಪಣೆ ಮತ್ತು ಸಲಹೆಗಳು ಬಂದವು. 2020ರಲ್ಲಿ ಸರ್ಕಾರ ಆ ಕರಡನ್ನೇ ಹಿಂಪಡೆಯಿತು. 2007ರಲ್ಲಿ ಅನುಮೋದನೆಗೊಂಡ, 2015ರವರೆಗಿನ ಯೋಜನೆಯೇ ಮುಂದುವರಿಯಿತು. ಸಾವಿರಾರು ಜನ ಕುಳಿತು ನಕ್ಷೆ ಓದಿ, ತಮ್ಮ ಕೆರೆ, ರಸ್ತೆ, ಮೈದಾನಗಳ ಬಗ್ಗೆ ಬರೆದುಕೊಟ್ಟ ಅಷ್ಟು ಸ್ಥಳೀಯ ತಿಳಿವಳಿಕೆ ಯಾವುದೇ ಯೋಜನೆಗೆ ಅಮೂಲ್ಯ ಸಾಮಗ್ರಿ. ಮುಂದಿನ ಕರಡು ರಚಿಸುವವರು ಅದನ್ನು ಓದಿಯೇ ಕೆಲಸ ಆರಂಭಿಸಬೇಕು ಎಂಬುದು ನನ್ನ ಕಳಕಳಿಯ ವಿನಂತಿ.

ಐದರಲ್ಲಿ ಎರಡು ಅಂಕ ಕೊಡುತ್ತೇನೆ. ಆದರೂ ಈ ಸೌಲಭ್ಯವನ್ನು ಬಳಸಿ ಎಂದೇ ಹೇಳುತ್ತೇನೆ, ಏಕೆಂದರೆ ಮುಂದೆ ನ್ಯಾಯಾಲಯದ ಮೆಟ್ಟಿಲೇರಬೇಕಾಗಿ ಬಂದರೆ, ಅವಧಿಯೊಳಗೆ ಸಲ್ಲಿಸಿದ ಆಕ್ಷೇಪಣೆಯೇ ನಿಮ್ಮ ಮುಖ್ಯ ದಾಖಲೆಯಾಗುತ್ತದೆ. ಬರೆಯುವಾಗ ಸರ್ವೆ ನಂಬರು ಮತ್ತು ಪ್ರಕಟಣೆಯ ದಿನಾಂಕವನ್ನು ನಮೂದಿಸಿ, ಪ್ರತಿ ಅಂಶಕ್ಕೂ ಪ್ರತ್ಯೇಕ ಸಂಖ್ಯೆ ಕೊಡಿ, ಕಾರಣ ಸಹಿತ ಲಿಖಿತ ಉತ್ತರ ಬೇಕೆಂದು ಕೊನೆಯಲ್ಲಿ ಸ್ಪಷ್ಟವಾಗಿ ಕೋರಿ, ಮೊಹರು ಬಿದ್ದ ಪ್ರತಿಯನ್ನು ಜೋಪಾನವಾಗಿಡಿ.