ಮಿನಿಮಲಿಸ್ಟ್ ಅಡುಗೆಮನೆ, 14 ತಿಂಗಳ ನಂತರ: ಡ್ರಾಯರ್‌ಗೆ ಪೂರ್ತಿ ಅಂಕ, ಸಿಂಕ್ ಕೆಳಗೆ ಸೊನ್ನೆ

ಮೈಸೂರಿನ ನಮ್ಮ ಮನೆಯ ಅಡುಗೆಮನೆ 8 ಅಡಿಗೆ 9 ಅಡಿ. ಹಳೇ ಮನೆ, ಕಡಪ ಕಲ್ಲಿನ ಶೆಲ್ಫು, ಅಟ್ಟದ ತುಂಬ ಮದುವೆಗೆ ಬಂದ ಸ್ಟೀಲ್ ಪಾತ್ರೆ. ಹೋದ ವರ್ಷ ಎಲ್ಲ ತೆಗೆಸಿ ಮಿನಿಮಲಿಸ್ಟ್ ಕಿಚನ್, ಅಂದರೆ ಬೇಕಾದಷ್ಟೇ ಸಾಮಾನು ಇರುವ ಸರಳ ಅಡುಗೆಮನೆ, ಮಾಡಿಸಿದೆವು. ಕೆಲಸ ಮಾಡಿದ್ದು ಊರಿನದೇ ಒಂದು ಸಣ್ಣ ಮಾಡ್ಯುಲರ್ ಅಂಗಡಿ, ಅಳತೆಗೆ ಕಪಾಟು ಮಾಡಿ ತಂದು ಜೋಡಿಸುವವರು. ಹೆಸರು ಬರೆಯುವುದಿಲ್ಲ. ಎಲ್ಲಿ ಮಾಡಿಸಿದರೂ ನೋಡಿಕೊಳ್ಳಬೇಕಾದ ವಿಷಯಗಳು ಇವೇ.

ಅಂಗಡಿಗೆ ಹೋಗುವ ಮೊದಲು ನಾವು ಮನೆಯಲ್ಲೇ ಮಾಡಿಕೊಂಡ ಒಂದು ಕೆಲಸ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಇದ್ದಬದ್ದ ಪಾತ್ರೆ, ಡಬ್ಬ, ಸೌಟು ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಹಾಲ್‌ನಲ್ಲಿ ಇಟ್ಟೆವು. ಒಂದು ತಿಂಗಳು ಬೇಕಾದಾಗ ಬೇಕಾದದ್ದನ್ನು ಮಾತ್ರ ತಂದುಕೊಳ್ಳುವುದು, ತಂದದ್ದು ಅಡುಗೆಮನೆಯಲ್ಲೇ ಉಳಿಯುವುದು. ತಿಂಗಳ ಕೊನೆಗೆ ಒಳಗೆ ಬಂದಿದ್ದವು ಎರಡು ಕುಕ್ಕರ್, ಬಾಣಲೆ, ದೋಸೆ ಹೆಂಚು, ಸಾರಿನ ಪಾತ್ರೆ, ಹಾಲಿನ ಪಾತ್ರೆ, ಇಡ್ಲಿ ಪಾತ್ರೆ, ಒಗ್ಗರಣೆ ಸೌಟು, ಮುದ್ದೆ ಕೋಲು, ಮಿಕ್ಸಿ, ಇನ್ನೊಂದಿಷ್ಟು ತಟ್ಟೆ ಲೋಟ. ಅಷ್ಟೇ. ಅತ್ತೆಗೆ ಮಾತ್ರ ಸಮಾಧಾನವಿರಲಿಲ್ಲ. "ಹಬ್ಬಕ್ಕೆ ಹತ್ತು ಜನ ಬಂದರೆ ಏನ್ ಮಾಡ್ತೀಯಮ್ಮ?" ಅಂದರು. ಅವರ ಮಾತು ನ್ಯಾಯವಾದದ್ದೇ. ದೊಡ್ಡ ಪಾತ್ರೆಗಳನ್ನು ಯಾರಿಗೂ ಕೊಡಲಿಲ್ಲ, ರೂಮಿನ ಮಂಚದ ಕೆಳಗೆ ಜಾಗ ಮಾಡಿಕೊಟ್ಟೆವು. ದಿನದ ಸಾಮಾನಿನ ಜೊತೆ ಹಬ್ಬದ ಸಾಮಾನು ಜಾಗಕ್ಕೆ ಜಗಳ ಆಡದಿದ್ದರೆ ಅರ್ಧ ಅಡುಗೆಮನೆ ತಾನಾಗೇ ಖಾಲಿಯಾಗುತ್ತದೆ.

ಅಂಗಡಿಯ ಡಿಸೈನರ್ ಹುಡುಗ ಮೊದಲು ತೋರಿಸಿದ್ದು ಪೂರ್ತಿ ಬಿಳಿ, ಫಳಫಳ ಹೊಳೆಯುವ ಬಾಗಿಲು, ಬಿಳಿ ಕ್ವಾರ್ಟ್ಜ್ ಕಟ್ಟೆ. ಫೋಟೋದಲ್ಲಿ ಬಹಳ ಚೆನ್ನಾಗಿತ್ತು. ಆದರೆ ದಿನಾ ಅರಿಶಿನ, ಹುಣಸೆಹಣ್ಣು, ಸಾಸಿವೆ ಸಿಡಿಯುವ ಮನೆ ನಮ್ಮದು. ಕ್ವಾರ್ಟ್ಜ್ ಅಂದರೆ ಕಲ್ಲಿನ ಪುಡಿಗೆ ರೆಸಿನ್ ಅಂಟು ಸೇರಿಸಿ ಮಾಡಿದ ಹಲಗೆ, ಒಲೆಯಿಂದ ಇಳಿಸಿದ ಬಾಣಲೆ ನೇರ ಇಟ್ಟರೆ ಕಲೆ ಬೀಳಬಹುದು. ಕಪ್ಪು ಗ್ರಾನೈಟೇ ಹಾಕಿಸಿದೆವು, ಇಲ್ಲೇ ಪಕ್ಕದ ಚಾಮರಾಜನಗರದ ಕಲ್ಲು. ಬಾಗಿಲಿಗೆ ಹೊಳಪಿಲ್ಲದ ತಿಳಿ ಬೂದಿ ಬಣ್ಣದ ಲ್ಯಾಮಿನೇಟ್. "ರೂಮ್ ಚಿಕ್ಕದು ಮೇಡಂ, ಬಿಳಿ ಹಾಕಿದ್ರೆ ದೊಡ್ಡದಾಗಿ ಕಾಣುತ್ತೆ" ಅಂತ ಆ ಹುಡುಗ ತುಂಬ ಹೇಳಿದ. ರೂಮು ಚಿಕ್ಕದು ಅನ್ನೋದು ನನಗೆ ಕೊರತೆ ಅನ್ನಿಸಲೇ ಇಲ್ಲ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಸರ್ಕಾರಿ ವಸತಿಗಳಿಗೆ ಮಾಡಿಕೊಟ್ಟ ಅಡುಗೆಮನೆಯೂ ಹೆಚ್ಚುಕಮ್ಮಿ ಇಷ್ಟೇ ಇತ್ತು, ಸುಮಾರು 1.9 ಮೀಟರ್‌ಗೆ 3.4 ಮೀಟರ್, ಅಂದರೆ ಹತ್ತಿರಹತ್ತಿರ 6 ಅಡಿಗೆ 11 ಅಡಿ. ಇವತ್ತಿನ ಮಾಡ್ಯುಲರ್ ಕಿಚನ್‌ನ ಮೂಲ ಅದೇ ಅನ್ನುತ್ತಾರೆ. ಅದರಲ್ಲಿ ಅಕ್ಕಿ, ಸಕ್ಕರೆಗೆಲ್ಲ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳು ಒಂದೊಂದು ಗೂಡಿನಲ್ಲಿ ಇರುತ್ತಿದ್ದವು, ಎಳೆದರೆ ಕೈಗೆ ಬರುವ ಹಾಗೆ.

ನಮಗೆ ಆ ಸುಖ ಸಿಕ್ಕಿದ್ದು ಡ್ರಾಯರ್‌ಗಳಿಂದ. ಒಲೆಯ ಕೆಳಗೆ ಮೂರು ಡ್ರಾಯರ್. ಮೇಲಿನದು ನಾಲ್ಕೇ ಇಂಚು ಎತ್ತರ, ಅದರಲ್ಲಿ ಒಗ್ಗರಣೆ ಡಬ್ಬಿ, ಸೌಟು, ಚಮಚ. ಎಣ್ಣೆ ಕಾಯುತ್ತಿರುವಾಗ ಎಡಗೈಯಲ್ಲಿ ಎಳೆದರೆ ಸಾಸಿವೆ, ಜೀರಿಗೆ, ಇಂಗು ಕಣ್ಣೆದುರಿಗೇ. ನಡುವೆ ಬಾಣಲೆ ಮತ್ತು ಮುಚ್ಚಳಗಳು, ಕೆಳಗೆ ಕುಕ್ಕರ್. ಮೊದಲು ಕುಕ್ಕರಿಗೆ ಮಂಡಿಯೂರಿ ಶೆಲ್ಫಿನ ಹಿಂದಿನವರೆಗೆ ಕೈ ಹಾಕಬೇಕಿತ್ತು, ಅತ್ತೆಗಂತೂ ಆಗುತ್ತಲೇ ಇರಲಿಲ್ಲ, ಈಗ ಅವರು ನಿಂತಲ್ಲೇ ಸ್ವಲ್ಪ ಬಗ್ಗಿ ಎತ್ತಿಕೊಳ್ಳುತ್ತಾರೆ. ಕುಕ್ಕರ್ ಭಾರಕ್ಕೂ ಡ್ರಾಯರ್ ಜಾರುವ ಚಾನೆಲ್ ಜಗ್ಗಿಲ್ಲ, ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ದುಡ್ಡು ಉಳಿಸಬೇಕಾದರೆ ಮೇಲಿನ ಕಪಾಟು ಬಿಡಿ, ಡ್ರಾಯರ್ ಮಾತ್ರ ಬಿಡಬೇಡಿ.

ಇನ್ನೊಂದು ಮೆಚ್ಚುಗೆ ಕಟ್ಟೆಯ ಎತ್ತರಕ್ಕೆ. ಎಲ್ಲರೂ 34 ಇಂಚು ಇಡುತ್ತಾರೆ. ನಾನು ಐದಡಿ ಒಂದಿಂಚು. ಒಲೆ, ಅದರ ಮೇಲೆ ಪಾತ್ರೆ ಸೇರಿದರೆ ಮುದ್ದೆ ತಿರುವುವಾಗ ಭುಜ ಎತ್ತಬೇಕಾಗುತ್ತದೆ. ಒಲೆ ಇರುವ ಕಡೆ ಎರಡು ಇಂಚು ತಗ್ಗಿಸಿಕೊಡಿ ಅಂದೆ, ಒಂದು ಮಾತಾಡದೆ ಮಾಡಿಕೊಟ್ಟರು. ತೋಳಿನ ನೋವು ಹೋಯಿತು.

ಹಿಡಿಕೆ ಇಲ್ಲದ ಬಾಗಿಲು ನೋಡೋಕೆ ಚೆಂದ. ಆದರೆ ಬೆರಳು ಹಾಕುವ ಆ ಸಂದಿಯಲ್ಲಿ ರಾಗಿ ಹಿಟ್ಟು ಕೂರುತ್ತೆ, ವಾರಕ್ಕೊಮ್ಮೆ ಒದ್ದೆ ಬಟ್ಟೆ ಸುತ್ತಿದ ಚಮಚದಿಂದ ತೆಗೆಯಬೇಕು. ಬಾಗಿಲಿಲ್ಲದ ಶೆಲ್ಫ್ ಒಂದೇ ಸಾಕು. ಒಗ್ಗರಣೆ ಹೊಗೆಗೆ ಅಲ್ಲಿಟ್ಟ ಡಬ್ಬ ಹತ್ತು ದಿನಕ್ಕೆ ಅಂಟಂಟಾಗುತ್ತದೆ, ದಿನಾ ತೊಳೆಯುವ ಕಾಫಿ ಫಿಲ್ಟರ್, ಲೋಟಗಳಿಗೆ ಮಾತ್ರ ಸರಿ.

ಈಗ ಸಿಂಕ್ ವಿಷಯ. ಕೊಟೇಶನ್‌ನಲ್ಲಿ ವಾಟರ್‌ಪ್ರೂಫ್ ಪ್ಲೈವುಡ್ ಅಂತ ಬರೆದಿತ್ತು. ಏಳು ತಿಂಗಳಿಗೆ ಸಿಂಕ್ ಕೆಳಗಿನ ಹಲಗೆ ನೆನೆಸಿದ ಅವಲಕ್ಕಿಯ ಹಾಗೆ ಉಬ್ಬಿತು. ಬೆರಳಲ್ಲಿ ಒತ್ತಿದರೆ ಪುಡಿ ಉದುರಿತು. ಪ್ಲೈವುಡ್‌ಗೆ ಇರಬೇಕಾದ ಪದರವೇ ಇಲ್ಲ. ಅದು ಎಂಡಿಎಫ್, ಮರದ ನಾರಿನ ಪುಡಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ! ಪೈಪಿನ ಸಣ್ಣ ತೇವಕ್ಕೇ ಈ ಗತಿ. ಐದು ಸಲ ಫೋನ್ ಮಾಡಿದ ಮೇಲೆ, ಮೂರು ವಾರಕ್ಕೆ ಬಂದರು. ದುಡ್ಡು ಕೇಳಲಿಲ್ಲ, ನಿಜ. ಆದರೆ ಬೇರೆ ಹಲಗೆ ಯಾವುದು ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ. ಬೇಡ ಅಂದೆ. ಗಾರೆಯವರನ್ನು ಕರೆಸಿ ಸಿಂಕ್ ಕೆಳಗೆ ಹಳೇ ಕಡಪ ಕಲ್ಲಿನದೇ ಒಂದು ತುಂಡು ಹಾಕಿಸಿದೆ, ಈಗ ನೀರು ಬಿದ್ದರೆ ಒರೆಸಿದರೆ ಮುಗಿಯಿತು. ನೀವು ಅಡ್ವಾನ್ಸ್ ಕೊಡುವ ಮೊದಲು ಐಎಸ್ 710 ಅನ್ನೋ ಗುರುತಿನ, ಅಂದರೆ ನೀರು ತಡೆಯುವ ಪ್ಲೈವುಡ್‌ಗೆ ಇರುವ ಭಾರತೀಯ ಗುಣಮಟ್ಟದ, ಪ್ಲೈವುಡ್ ಅಂತ ಬರೆಸಿಕೊಳ್ಳಿ. ಬರೆಸಿಕೊಂಡರೂ ಸಾಲದು, ಹಲಗೆ ಕೊಯ್ಯುವ ಮೊದಲು ಹೋಗಿ ಅದರ ಮೇಲಿನ ಅಚ್ಚು ಕಣ್ಣಾರೆ ನೋಡಿ. ಲ್ಯಾಮಿನೇಟ್ ಅಂಟಿಸಿದ ಮೇಲೆ ಎಲ್ಲ ಒಂದೇ ಥರ ಕಾಣುತ್ತದೆ.

ಸಿಲಿಂಡರ್ ಕಪಾಟಿನೊಳಗೆ ಬರುವುದಾದರೆ ಬಾಗಿಲಿನ ಬುಡದಲ್ಲಿ ಗಾಳಿಗೆ ಜಾಗ ಬಿಡಿಸಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ. ನಮ್ಮ ಅಂಗಡಿಯವರು ತೂತು ಮಾಡಿದ್ದು ಮೇಲ್ಭಾಗದಲ್ಲಿ, ನಾನೇ ನೋಡಿ ಕೆಳಗೆ ಕೊರೆಸಿದೆ.

ಗ್ರೈಂಡರ್ ಒಂದಕ್ಕೆ ಇನ್ನೂ ಜಾಗ ಸಿಕ್ಕಿಲ್ಲ. ಹತ್ತು ಕೆಜಿ ಮೇಲಿದೆ, ದೋಸೆಗೆ ರುಬ್ಬುವ ದಿನ ಹಾಲ್‌ನ ಮೂಲೆಯಿಂದ ಇಬ್ಬರು ಹೊತ್ತು ತರುತ್ತೇವೆ. ಕೆಳಗೆ ಚಕ್ರ ಇರುವ ಒಂದು ಗಟ್ಟಿ ಸ್ಟ್ಯಾಂಡ್ ಮಾಡಿಸಿ ಕಟ್ಟೆಯ ಕೆಳಗೆ ತಳ್ಳೋಣ ಅಂತ ಅತ್ತೆಯೇ ಹೇಳಿದ್ದಾರೆ, ಅಳತೆ ತೆಗೆದು ಇಟ್ಟಿದ್ದೇವೆ.